ಟೈಲರ್ ತಾತ ಬಿದ್ದದ್ದು ಹೇಗೆ

ಅಕ್ಕ ನರ್ಸಿಂಗ್ ಓದುತ್ತಿದ್ದಳು, ತಮ್ಮ ಡಾಕ್ಟರಿಕೆ. ಮನೆಯಲ್ಲಿ ಟವೆಲ್ಲಿಗೂ ಕಿತ್ತಾಡುವ ಇಬ್ಬರನ್ನೂ ಆಸ್ಪತ್ರೆಯಲ್ಲಿ ಒಂದೇ ತಂಡಕ್ಕೆ ಹಾಕಿದ್ದರು. ಜೊತೆಗೆ ಫಿಸಿಯೋಥೆರಪಿ ಓದುವ ಹುಡುಗನೊಬ್ಬ. ವಾರ್ಡಿನ ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸುವ ಅವನನ್ನು ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಬೇರೆ ಬೇರೆ ವಿದ್ಯೆ ಕಲಿಯುವವರು ಸೇರಿ ಒಬ್ಬ ರೋಗಿಯನ್ನು ನೋಡಿಕೊಳ್ಳುವುದನ್ನೂ ಕಲಿಯಲಿ ಎಂಬುದು ತರಬೇತಿ ನೋಡಿಕೊಳ್ಳುವ ಮೇಡಂ ಅವರ ಹಟ.

ಇವರ ಪಾಲಿಗೆ ಬಂದವರು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಟೈಲರ್ ತಾತ. ಮನೆಗೆ ಹೋದ ಮೇಲೆ ಅವರ ಆರೈಕೆ ಹೇಗಿರಬೇಕೆಂದು ಮೂವರೂ ಒಮ್ಮತದಿಂದ ಹೇಳಬೇಕಿತ್ತು.

“ತಲೆ ಸುತ್ತಿ ಬಿದ್ದಿದ್ದಾರೆ. ಮೊದಲು ಬಿಪಿ ಮಾತ್ರೆ ನೋಡ್ಬೇಕು,” ಎಂದ ತಮ್ಮ.

“ಯಾರು ಹೇಳಿದ್ದು? ಬಚ್ಚಲಲ್ಲಿ ಕಾಲು ಜಾರಿತು ಅಂದ್ರಲ್ಲ!” ಎಂದಳು ಅಕ್ಕ.

“ನನ್ ಹತ್ರ ಬೆಕ್ಕು ಅಡ್ಡ ಬಂತು ಅಂದ್ರು,” ಎಂದು ಉದ್ದಣ್ಣ ಗೊಣಗಿದ.

“ಅಕ್ಕ, ಮನೇಲಿ ನೀನು ದೊಡ್ಡವಳು. ಇಲ್ಲಿ ನಾನು ಡಾಕ್ಟರು.”

“ಇನ್ನೂ ಆಗಿಲ್ಲ ಕಣೋ.”

ಕೇಳಿಸಿಕೊಳ್ಳುತ್ತಿದ್ದ ಮೇಡಂ, “ಒಬ್ಬೊಬ್ಬರೇ ಹೋಗಿ ಕೇಳಿದ್ರಿ ಅಲ್ವಾ? ಈಗ ಒಟ್ಟಿಗೆ ಹೋಗಿ,” ಎಂದರು.

ಮೂವರನ್ನೂ ಒಟ್ಟಿಗೆ ಕಂಡು ತಾತನಿಗೆ ನಗು ತಡೆಯಲಾಗಲಿಲ್ಲ. “ಒಬ್ಬರಾದ ಮೇಲೆ ಒಬ್ಬರು ಬಂದು ಅದನ್ನೇ ಕೇಳಿದ್ರಿ. ನಾನು ಟೈಲರು. ಅವರವರ ಅಳತೆಗೆ ಒಂದೊಂದು ಹೊಲಿದುಕೊಟ್ಟೆ.”

ಹುಡುಗರಿಬ್ಬರೂ ನಕ್ಕರು. ಅಕ್ಕ ಮಾತ್ರ ಸ್ಟೂಲು ಎಳೆದು ಕೂತಳು. “ಹಾಗಾದ್ರೆ ನಿಜವಾಗಿ ಏನಾಯ್ತು ತಾತ?”

ತಾತ ಹೊದಿಕೆಯ ಅಂಚನ್ನು ಮಡಿಸಿದರು, ಬಿಡಿಸಿದರು. ಹೆಂಡತಿ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ದಿನಾ ಬೆಳಗ್ಗೆ ಅವರೇ ಆಕೆಯನ್ನು ಎತ್ತಿ ಕುರ್ಚಿಗೆ ಕೂರಿಸುತ್ತಿದ್ದರು. ಆ ದಿನ ಎತ್ತುವಾಗ ಆಯ ತಪ್ಪಿತ್ತು. ಆಕೆಯನ್ನು ಹಾಸಿಗೆಯತ್ತ ತಳ್ಳಿ ತಾವು ನೆಲಕ್ಕೆ ಬಿದ್ದಿದ್ದರು. ಸಹಾಯಕ್ಕೆ ಒಬ್ಬ ಹೆಂಗಸು ಬರುತ್ತಾಳೆಂದು ಮಗಳಿಗೆ ಸುಳ್ಳು ಹೇಳಿಕೊಂಡು ಬಂದಿದ್ದರು. ಈಗ ಹೆಂಡತಿ ಮಗಳ ಮನೆಯಲ್ಲಿದ್ದಳು.

“ಇದು ಗೊತ್ತಾದ್ರೆ ಮಗಳು ಅವಳನ್ನ ವಾಪಸ್ ಕಳಿಸಲ್ಲ. ನಾನು ಗೋಡೆ ಜೊತೆ ಮಾತಾಡ್ಕೊಂಡು ಇರ್ಬೇಕಾ? ಹೇಳ್ಬೇಡ್ರಪ್ಪ.”

ಮೂವರೂ ಕಾರಿಡಾರಿಗೆ ಬಂದರು. ಭಾರ ಎತ್ತಬೇಡಿ ಎಂದು ಬರೆದುಕೊಟ್ಟರೆ ತಾತ ಕೇಳುವವರಲ್ಲ. ಮಗಳಿಗೆ ಹೇಳಿದರೆ ತಾತ ತಮ್ಮ ಮೇಲಿಟ್ಟ ನಂಬಿಕೆ ಕೆಡುತ್ತದೆ.

“ನೀನೇನಂತೀಯ ಅಕ್ಕ?” ತಮ್ಮ ಕೇಳಿದ. ಆಸ್ಪತ್ರೆಯೊಳಗೆ ಅವನು ಹೀಗೆ ಕೇಳಿದ್ದು ಅದೇ ಮೊದಲು.

“ಬೆನ್ನ ಹಿಂದೆ ಹೇಳೋದು ಬೇಡ. ಅವರ ಬಾಯಿಂದಲೇ ಹೇಳಿಸೋಣ.”

ಒಳಗೆ ಹೋಗಿ, ಮಗಳಿಗೆ ನೀವೇ ಹೇಳಿಬಿಡಿ ಎಂದು ತಮ್ಮನೇ ತಾತನನ್ನು ಕೇಳಿಕೊಂಡ. ತಾತ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ. ಮರುದಿನ ಬೆಳಗ್ಗೆ ತಾವಾಗಿಯೇ, “ಮಗಳನ್ನ ಕರೀರಿ,” ಎಂದರು.

ಮಗಳು ಬಂದಳು, ಅತ್ತಳು, ಚೆನ್ನಾಗಿ ಬೈದಳು. “ಅಲ್ಲಿ ಅಮ್ಮನೂ ಮುಖ ಊದಿಸ್ಕೊಂಡು ಕೂತಿದ್ದಾಳೆ. ಮೂಳೆ ಕೂಡೋವರೆಗೆ ನೀವೂ ಅಲ್ಲಿಗೇ ಬನ್ನಿ,” ಎಂದಳು. ತಾತ ಬೇಡವೆನ್ನಲಿಲ್ಲ. ತನ್ನ ಬೆನ್ನಿಗೆ ಪೆಟ್ಟಾಗದಂತೆ ತಾಯಿಯನ್ನು ಎಬ್ಬಿಸಿ ಕೂರಿಸುವುದು ಹೇಗೆಂದು ಉದ್ದಣ್ಣ ಮಗಳಿಗೆ ತೋರಿಸಿಕೊಟ್ಟ. ಅವನು ರೋಗಿಯಾಗಿ ಮಂಚದ ಮೇಲೆ ಮಲಗಿದಾಗ ಕಾಲು ಹೊರಗೇ ಉಳಿದವು. ತಾತ ಆಗ ನಕ್ಕರಾದರೂ ಹೊರಡುವವರೆಗೆ ತಮ್ಮನೊಡನೆ ಮಾತಾಡಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ತಮ್ಮ ಅಕ್ಕನತ್ತ ತಿರುಗಿದ. “ಮೂಳೆ ಕೂಡಿದ್ಮೇಲೆ ತಾತ ಮನೆಗೆ ವಾಪಸ್ ಹೋದ್ರೆ, ಅಜ್ಜೀನ ಯಾರು ಎತ್ತೋದು?”

“ಗೊತ್ತಿಲ್ಲ ಕಣೋ,” ಎಂದಳು ಅಕ್ಕ. “ಚೆಕಪ್ಪಿಗೆ ಬರ್ತಾರಲ್ಲ, ಮೂವರೂ ಕೂತು ಕೇಳೋಣ.”