ಹದಿನೇಳನೆಯ ಕಲಮಿನ ದುಭಾಷಿ

ಯಾರು ಏನೇ ಹೇಳಲಿ, ನಮ್ಮ ಸೋದರತ್ತೆಯ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ಒಂದೇ: "ಅಂದ್ರೆ?" ಆ ಎರಡಕ್ಷರದಲ್ಲಿ ಸಂಶಯವಾಗಲಿ ಕುಹಕವಾಗಲಿ ಇರಲಿಲ್ಲ, ಎದುರಿನವರ ಮಾತನ್ನು ಎರಡೂ ಕೈಯೊಡ್ಡಿ ಇಸಿದುಕೊಳ್ಳುವ ಶ್ರದ್ಧೆಯಿತ್ತು. ತರಕಾರಿಯವನು "ತಾಜಾ ಇದೆ, ತಗೊಳ್ಳಿ" ಎಂದರೆ "ಅಂದ್ರೆ?" ಎನ್ನುವಳು. ಅವನು ತಲೆ ಕೆರೆದುಕೊಂಡು, "ಅಂದ್ರೆ... ನಿನ್ನೆ ಸಂಜೆ ಬಂದಿದ್ದು ಕಣಮ್ಮ" ಎಂದು ನಿಜ ಕಕ್ಕುವನು. ವೈದ್ಯರು "ಗಾಬರಿ ಏನಿಲ್ಲ" ಎಂದರೂ ಅದೇ ಪ್ರಶ್ನೆ, ಮನೆ ತೋರಿಸುವ ದಲ್ಲಾಳಿ "ಗಾಳಿ ಬೆಳಕು ಚೆನ್ನಾಗಿದೆ" ಎಂದರೂ ಅದೇ ಪ್ರಶ್ನೆ. ಬೀದಿಯವರು ಅವಳಿಗೆ 'ಅಂದ್ರೆ ಅಮ್ಮ' ಎಂದೇ ಹೆಸರಿಟ್ಟಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು, ಬಿದ್ದಾಗ ನಕ್ಕಿದ್ದಳಂತೆ.

ಕುಳ್ಳಗಿನ ದೇಹ, ಚುರುಕು ಹೆಜ್ಜೆ, ನಡೆಯುವಾಗ ತಲೆ ತುಸು ಬಲಕ್ಕೆ ವಾಲಿ ಎಡಗಿವಿ ಲೋಕದ ಕಡೆಗೆ ತಿರುಗಿರುತ್ತಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹದಿನಾಲ್ಕು ವರ್ಷ ಆ ಕಿವಿಯಿಂದಲೇ ಊರಿನ ಸುಖದುಃಖಗಳನ್ನು ಕೇಳಿಸಿಕೊಂಡದ್ದರ ಗುರುತು ಅದು. ಚಳಿಯಿರಲಿ, ಇಲ್ಲದಿರಲಿ, ಮೈಮೇಲೆ ಬೂದುಬಣ್ಣದ ಗಂಡಸರ ಕೋಟೊಂದಿರುತ್ತಿತ್ತು. ತೋಳುಗಳನ್ನು ಎರಡು ಸಲ ಮಡಚಿದರೂ ಬೆರಳ ತುದಿ ಮಾತ್ರ ಕಾಣುವಷ್ಟು ದೊಡ್ಡದು. ಅದು ಅವಳ ತಮ್ಮನದು. ಯುದ್ಧ ಮುಗಿಯಲು ಇನ್ನು ನಾಲ್ಕೇ ತಿಂಗಳಿರುವಾಗ ಅವನು ನದಿಯಾಚೆಯ ಒಂದು ದಿಣ್ಣೆಯ ಮೇಲೆ ಸತ್ತ. ಕೋಟು ಮನೆಗೆ ಬಂತು, ಅವನು ಬರಲಿಲ್ಲ.

ನಮ್ಮದು ಗಡಿಯ ಊರು. ಆಚೆಯವರ ಭಾಷೆಯನ್ನು ಅವಳು ಪುಸ್ತಕದಿಂದ ಕಲಿತವಳಲ್ಲ. ಪಕ್ಕದ ಮನೆಯ ಗೆಳತಿಯರೊಡನೆ ಜಗಳವಾಡುತ್ತಲೇ ಕಲಿತಿದ್ದಳು. ಜಗಳದಲ್ಲಿ ಕಲಿತ ಭಾಷೆಗೆ ತುಕ್ಕು ಹಿಡಿಯುವುದಿಲ್ಲವೆಂಬುದು ಅವಳ ಸಿದ್ಧಾಂತ. ಐದು ವರ್ಷದ ಯುದ್ಧ ಮುಗಿದು, ಗೆದ್ದ ನಮ್ಮವರೂ ಸೋತ ಅವರೂ ನಮ್ಮ ಊರಿನ ನ್ಯಾಯಾಲಯದ ಸಭಾಂಗಣದಲ್ಲಿ ಸಂಧಿಗೆಂದು ಕೂತಾಗ ದುಭಾಷಿಯೊಬ್ಬರು ಬೇಕಾದರು. ಎಕ್ಸ್‌ಚೇಂಜಿನ ಮೇಲ್ವಿಚಾರಕರು ಇವಳತ್ತ ಬೆರಳು ತೋರಿಸಿದರು. ಅವಳು ತಮ್ಮನ ಕೋಟು ತೊಟ್ಟುಕೊಂಡೇ ಹೋದಳು. "ಅವರ ಮುಖ ನೋಡಕ್ಕೆ ಹೇಗಮ್ಮ ಮನಸ್ಸು ಬರುತ್ತೆ ನಿಂಗೆ?" ಎಂದು ಅಜ್ಜಿ ಕೇಳಿದ್ದಕ್ಕೆ, "ಮುಖ ನೋಡಲ್ಲಮ್ಮ, ಮಾತು ಕೇಳ್ತೀನಿ" ಎಂದಳಂತೆ.

ಸಂಧಿಪತ್ರದಲ್ಲಿ ನಲವತ್ತೊಂದು ಕಲಮುಗಳಿದ್ದವು. ಹದಿನೇಳನೆಯದು ಸೆರೆಯಾಳುಗಳದ್ದು: ಸೋತವರ ಸೆರೆಸಿಕ್ಕ ಸೈನಿಕರು, ಯುದ್ಧದಲ್ಲಿ ಮುರಿದ ಸೇತುವೆಗಳ ದುರಸ್ತಿ ಮುಗಿಯುವವರೆಗೆ ನಮ್ಮಲ್ಲಿಯೇ ದುಡಿಯತಕ್ಕದ್ದು. ದುರಸ್ತಿ ಮುಗಿಯಿತೆಂದು ಹೇಳುವ ಅಧಿಕಾರವೂ ನಮ್ಮದೇ. ಎದುರು ಪಕ್ಷದ ಮುಖಂಡ ಒಬ್ಬ ವೃದ್ಧ, ಹಿಂದೊಮ್ಮೆ ನ್ಯಾಯಾಧೀಶನಾಗಿದ್ದವನು. ಅತ್ತೆ ಆ ಕಲಮನ್ನು ಅವನ ಭಾಷೆಯಲ್ಲಿ ಓದಿ ಹೇಳಿದಾಗ, ಮೇಜಿನ ಮೇಲಿನ ಕಣ್ಣನ್ನು ಎತ್ತದೆಯೇ ಒಂದೇ ಒಂದು ಪದ ಆಡಿದ. ನಮ್ಮ 'ಆಯ್ತು' ಇದೆಯಲ್ಲ, ಅವರಲ್ಲೂ ಅಂಥದೇ ಒಂದು ಪದ. ಒಪ್ಪಿದೆನೆನ್ನಲೂ ಅದೇ, ಎಲ್ಲ ಮುಗಿದುಹೋಯಿತೆನ್ನಲೂ ಅದೇ.

ಊಟದ ಹೊತ್ತು ಮೀರಿತ್ತು. ಬರೆದುಕೊಳ್ಳುವವನ ಲೇಖನಿ ಆಗಲೇ ಕಾಗದ ಮುಟ್ಟಿತ್ತು. ಸಭೆಯ ಅಧ್ಯಕ್ಷರು ನಮ್ಮ ಕಡೆಯವರು, ಕೆಟ್ಟವರೇನಲ್ಲ, ದಣಿದಿದ್ದರು.

"ಒಪ್ಪಿದ್ರು ತಾನೆ?" ಎಂದರು.

"ಗೊತ್ತಾಗ್ಲಿಲ್ಲ ಸರ್. ಆ ಮಾತಿಗೆ ಎರಡರ್ಥ ಇದೆ. ಅವರನ್ನೇ ಕೇಳ್ಬೇಕು."

"ಅವರು ಹೇಳಿದ್ದನ್ನ ನಮಗೆ ಹೇಳೋದು ನಿಮ್ಮ ಕೆಲಸ. ಅವರನ್ನ ಕೇಳೋದಲ್ಲ."

"ಹೌದು ಸರ್. ಏನು ಹೇಳಿದ್ರು ಅಂತ ಗೊತ್ತಾಗದೆ ನಿಮಗೆ ಏನಂತ ಹೇಳ್ಲಿ?"

ಅಧ್ಯಕ್ಷರು ಕೈಯಾಡಿಸಿ 'ಕೇಳಿ' ಎಂಬಂತೆ ಸನ್ನೆ ಮಾಡಿದರು. ಅತ್ತೆ ವೃದ್ಧನತ್ತ ತಿರುಗಿ, ಅವನ ಭಾಷೆಯಲ್ಲಿ, ತರಕಾರಿಯವನನ್ನು ಕೇಳುವ ಅದೇ ದನಿಯಲ್ಲಿ ಕೇಳಿದಳು: "ಅಂದ್ರೆ?"

ಸಭೆ ಕೂತ ಆರು ದಿನಗಳಲ್ಲಿ ಮೊದಲ ಬಾರಿಗೆ ಆತ ತಲೆಯೆತ್ತಿದ. ಬಹಳ ಹೊತ್ತು ಮಾತಾಡಿದ. ದುಭಾಷಿಯ ಧರ್ಮದಂತೆ ಅವನ 'ನಾನು'ವನ್ನು 'ನಾನು' ಎಂದೇ ಅತ್ತೆ ದಾಟಿಸಿದಳು: "ಬೇಡ ಅನ್ನೋ ಶಕ್ತಿ ನನಗಿಲ್ಲ. ಆದ್ರೆ ನಾನು ಊರಿಗೆ ಹೋದ ತಕ್ಷಣ ತಾಯಂದಿರು ಬಂದು ಒಂದೇ ಮಾತು ಕೇಳ್ತಾರೆ, ನಮ್ಮ ಮಕ್ಕಳು ಯಾವಾಗ ಬರ್ತಾರೆ ಅಂತ. ಒಂದು ತಾರೀಖು ಬರೆದುಕೊಡಿ. ಎಷ್ಟು ದೂರದ್ದಾದರೂ ಸರಿ."

ಸತ್ತ ತಮ್ಮನ ಕೋಟಿನೊಳಗಿಂದ, ಅವನನ್ನು ಕೊಂದವರ ಪರವಾಗಿ 'ನಾನು' ಎಂದು ನುಡಿಯುವಾಗ ಅವಳ ದನಿ ನಡುಗಲಿಲ್ಲವೆಂದು ಅಲ್ಲಿದ್ದವರು ಹೇಳಿದ್ದಾರೆ. ಅವಳು ಮಾತ್ರ, "ನಡುಗಿತ್ತು. ಅವರಿಗೆ ಕೇಳಿಸ್ಲಿಲ್ಲ ಅಷ್ಟೆ" ಎನ್ನುತ್ತಿದ್ದಳು.

ಊಟವಾದ ಮೇಲೆ ಹದಿನೇಳನೆಯ ಕಲಮಿಗೆ ಒಂದು ತಾರೀಖು ಸೇರಿತು: ಎರಡು ವರ್ಷ ಮುಂದಿನ ಒಂದು ಮಂಗಳವಾರ. ಉಳಿದ ಕಲಮುಗಳು ಇದ್ದ ಹಾಗೆಯೇ ಅಂಗೀಕಾರವಾದವು. ಅವುಗಳಲ್ಲಿ ಹಲವು ಅನ್ಯಾಯದವು, ಅವನ್ನೂ ಅವಳು ಒಂದಕ್ಷರ ಕೊಂಕಿಸದೆ ಓದಿ ಹೇಳಿದಳು. ಸಹಿ ಬಿದ್ದ ಮರುದಿನವೇ 'ತಮ್ಮ ಸೇವೆ ಇನ್ನು ಅಗತ್ಯವಿಲ್ಲ' ಎಂಬ ವಿನಯಪೂರ್ವಕ ಪತ್ರ ಬಂತು. ಅವಳು ಎಕ್ಸ್‌ಚೇಂಜಿನ ತನ್ನ ಕುರ್ಚಿಗೆ ಮರಳಿದಳು.

ಊರ ಬಾಯಿಗೆ ಬೀಗವುಂಟೆ? 'ಉಂಡ ಮನೆಗೆ ಎರಡು ಬಗೆದವಳು' ಎಂದಿತು. ಊರಿನ ಮಾತನ್ನು ಅವಳು ಕೊಡವಿಕೊಂಡಳು. ಕೊಡವಿಕೊಳ್ಳಲಾಗದ್ದು ಅಜ್ಜಿಯ ಮಾತು. ನಡುಮನೆಯಲ್ಲಿ ನಿಂತು ಅಜ್ಜಿ ಕೇಳಿದಳಂತೆ: "ನನ್ನ ಮಗ ಯಾವಾಗ ಬರ್ತಾನೆ ಅಂತ ನಂಗೆ ಯಾರಾದ್ರೂ ತಾರೀಖು ಕೊಟ್ರಾ?"

"ಕೊಡ್ಲಿಲ್ಲಮ್ಮ" ಎಂದಳು ಅತ್ತೆ. "ತಾರೀಖಿಲ್ಲದೆ ಕಾಯೋದು ಹೇಗಿರುತ್ತೆ ಅಂತ ನಿನ್ನಲ್ಲೇ ನೋಡಿದೀನಲ್ಲ. ಅದಕ್ಕೇ ಕೇಳ್ದೆ."

ಅಂದಿನಿಂದ ಎರಡು ವರ್ಷ ತಾಯಿ ಮಗಳೊಡನೆ ಮಾತಾಡಲಿಲ್ಲ. ಒಂದೇ ಸೂರಿನಡಿ ಇದ್ದು, ನಮ್ಮ ಅಪ್ಪನ ಕಡೆಗೆ ಮುಖ ಮಾಡಿ, "ತಟ್ಟೆ ಹಾಕಿದೆ ಅಂತ ನಿನ್ನ ತಂಗಿಗೆ ಹೇಳು" ಎನ್ನುವುದು. ಮೂರು ಮಾರು ದೂರದಲ್ಲಿ ಕೂತ ತಂಗಿಗೆ ಅಪ್ಪ ಅದನ್ನು ತಲುಪಿಸುವುದು. "ಮನೇಲಿ ನಾನೂ ದುಭಾಷಿಯಾಗಿದ್ದೆ" ಎಂದು ಅಪ್ಪ ನಗುತ್ತಿದ್ದ. ಆಗ ನಗು ಬಂದಿರಲಾರದು.

ಆ ಮಂಗಳವಾರ ಬಂತು. ಸೆರೆಯಾಳುಗಳ ರೈಲು ನಮ್ಮ ನಿಲ್ದಾಣದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುವುದಿತ್ತು. ನಿಲ್ದಾಣದಲ್ಲಿ ಮೂರು ಟೆಲಿಫೋನುಗಳು. ಅವುಗಳ ಮುಂದೆ ಬಡಕಲಾದ ಗಂಡಸರ ಸಾಲು. ಆಚೆಯ ಊರುಗಳ ಅಂಚೆ ಕಚೇರಿಗಳಲ್ಲಿ ತಾಯಂದಿರು ನಸುಕಿನಿಂದಲೇ ಕಾದು ಕೂತಿದ್ದರು. ಅತ್ತೆ ನೀರು ಕುಡಿಯಲೂ ಏಳದೆ ತಂತಿ ಚುಚ್ಚುತ್ತ, ಕಳಚುತ್ತ, ಕರೆ ಮೇಲೆ ಕರೆ ಜೋಡಿಸುತ್ತಿದ್ದಳು. ಮಧ್ಯಾಹ್ನವಾದರೂ ಅವಳಿಗೆ ಊಟವಾಗಿಲ್ಲವೆಂದು ಅಪ್ಪ ಮನೆಗೆ ಬಂದು ಹೇಳಿದಾಗ, ಅಜ್ಜಿ ಬುತ್ತಿ ಕಟ್ಟಿ ತಾನೇ ಹೊರಟಳು.

ಎಕ್ಸ್‌ಚೇಂಜಿನ ಬಾಗಿಲಲ್ಲಿ ಮೇಲ್ವಿಚಾರಕರು ತಡೆದರು. "ಹೊರಗಿನವರು ಒಳಗೆ ಬರೋ ಹಾಗಿಲ್ಲಮ್ಮ. ಯಾರು ನೀವು?"

ಅಜ್ಜಿಗೆ ಕೇಳಿಸಿದಂತೆ ಕಾಣಲಿಲ್ಲ. ಬೆನ್ನು ಹಾಕಿ ಕೂತ ಮಗಳು ಆ ಪರಭಾಷೆಯಲ್ಲಿ ಮೆತ್ತಗೆ ಏನೋ ಹೇಳುತ್ತಿದ್ದಳು. "ಏನಂತಿದಾಳೆ?" ಎಂದು ಬಾಗಿಲ ಬಳಿಯ ಹುಡುಗಿಯನ್ನು ಕೇಳಿದಳು. "'ಅಳಬೇಡಿ ತಾಯಿ, ಲೈನ್ ಬಿಡಬೇಡಿ, ಇಗೋ ನಿಮ್ಮ ಮಗ ಮಾತಾಡ್ತಾನೆ' ಅಂತಿದಾರೆ ಅಜ್ಜಿ. ಬೆಳಗಿಂದ ಎಲ್ಲರಿಗೂ ಅದನ್ನೇ ಹೇಳ್ತಿದಾರೆ."

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಬಗ್ಗಿದ್ದ ಬೆನ್ನನ್ನು ನೆಟ್ಟಗೆ ಮಾಡಿ ಮೇಲ್ವಿಚಾರಕರ ಕಡೆ ತಿರುಗಿದಳು. "ಅಲ್ಲಿ ಕೂತು ಲೈನ್ ಕೊಡ್ತಿದಾಳಲ್ಲ, ಅವಳ ತಾಯಿ ನಾನು."

ಆ ಮಾತನ್ನು ಇಡೀ ಕೋಣೆ ಕೇಳುವಂತೆ ಹೇಳಿದಳಂತೆ. ಮೇಲ್ವಿಚಾರಕರು ತಾವೇ ಸ್ಟೂಲು ತಂದಿಟ್ಟರು. ಮಗಳ ಎರಡೂ ಕೈಗೆ ಬಿಡುವಿರಲಿಲ್ಲ. ಅಜ್ಜಿ ಪಕ್ಕದಲ್ಲಿ ಕೂತು, ಒಂದು ಕರೆಗೂ ಇನ್ನೊಂದಕ್ಕೂ ನಡುವೆ, ಅವಳ ಬಾಯಿಗೆ ತುತ್ತಿಟ್ಟಳು.

ಬಹಳ ವರ್ಷಗಳ ಮೇಲೆ, ಅತ್ತೆಗೆ ಎಂಬತ್ತಾದಾಗ, ಇತಿಹಾಸದ ವಿದ್ಯಾರ್ಥಿಗಳಿಬ್ಬರು ಬಂದು ಕೇಳಿದರು: "ಆ ಸಂಧಿ ನ್ಯಾಯವಾಗಿತ್ತಾ ಮೇಡಂ?" ನಾನು ಪಕ್ಕದಲ್ಲಿದ್ದೆ. "ನಲವತ್ತೊಂದು ಕಲಮು ಇದೆ, ಯಾವುದರ ವಿಷಯ ಕೇಳ್ತಿದೀರಿ?" ಎಂದು ಶುರುಮಾಡಿ, ಕಾಗದ ನೋಡದೆ ಒಂದೊಂದನ್ನೂ ಹೇಳಿದಳು. ಗಡಿಯದು ಅರ್ಧ ನ್ಯಾಯ. ನದಿ ನೀರಿನದು ಶುದ್ಧ ಅನ್ಯಾಯ. "ಗೆದ್ದೋರು ನಾವೇ, ಅನ್ಯಾಯ ಮಾಡಿದೋರೂ ನಾವೇ, ಹಾಗೇ ಬರ್ಕೊಳ್ಳಿ" ಎಂದಳು. ಹದಿನೇಳನೆಯದು ಬಂದಾಗ ಅವರು ಲೇಖನಿ ಹಿಡಿದು ಕಾದರು. "ಅದೂ ನ್ಯಾಯ ಅಲ್ಲ. ಎರಡು ವರ್ಷ ಅಂದ್ರೆ ಕಮ್ಮಿಯಲ್ಲ. ಆದ್ರೆ ಹೇಳಿದ ದಿನ ಬಂದ್ರು" ಎಂದು ಹದಿನೆಂಟನೆಯದಕ್ಕೆ ಹೋದಳು. ತಾನು ಮಾಡಿದ್ದನ್ನು ಹೇಳಲೇ ಇಲ್ಲ. ಅವರು ಹೊರಟಾಗ ನಾನೇ ಗೇಟಿನವರೆಗೆ ಹೋಗಿ, ಅತ್ತೆ ಬೇಡವೆಂದರೂ ಬಿಡದೆ, ಎಲ್ಲವನ್ನೂ ಬರೆಸಿ ಕಳಿಸಿದೆ.

ಗೆದ್ದವರಿಗೆ ಚೌಕಗಳಲ್ಲಿ ಪ್ರತಿಮೆಗಳಿವೆ, ಸೋತವರಿಗೆ ಶೋಕಗೀತೆಗಳಿವೆ. ಇಬ್ಬರ ನಡುವೆ ಕುರ್ಚಿಯ ಅಂಚಿನಲ್ಲಿ ಕೂತು ಒಬ್ಬರ ಎದೆಯನ್ನು ಇನ್ನೊಬ್ಬರ ಕಿವಿಗೆ ತಲುಪಿಸಿದವರ ಸಹಿ ಯಾವ ಸಂಧಿಪತ್ರದ ಕೆಳಗೂ ಇರುವುದಿಲ್ಲ. ನ್ಯಾಯವನ್ನು ಇಡಿಯಾಗಿ ತರುವ ಅಧಿಕಾರ ಅಂಥವರಿಗೆ ಯಾವ ಕಾಲಕ್ಕೂ ಸಿಕ್ಕಿಲ್ಲ. ಸಿಕ್ಕ ಅಂಗೈಯಗಲ ಜಾಗದಲ್ಲಿ, ತಮ್ಮ ದುಃಖವನ್ನು ಪಕ್ಕಕ್ಕೆ ಸರಿಸಿ, ಪರರ ದುಃಖಕ್ಕೆ ಕೂರಲು ಎಡೆ ಮಾಡಿಕೊಡುವ ಈ ಜನದಿಂದಲೇ ಕೆಟ್ಟ ಸಂಧಿಗಳೂ ಅಷ್ಟಿಷ್ಟು ಕಾಲ ಬಾಳುತ್ತವೆ. ಅಂಥವರ ಮನೆಯಲ್ಲಿ ಹುಟ್ಟಿದವರು ಒಂಚೂರು ಎದೆಯುಬ್ಬಿಸಿ ನಡೆದರೆ ಲೋಕ ಕ್ಷಮಿಸಬೇಕು.