ಮಸಿ ಫಿಲ್ಟರಿನ ಎರಡು ಪೈಪು

ಗಾಡಿ ಕೆಲಸ ಬಲ್ಲವರ ಮುಂದೆ ಇದನ್ನು ಹೇಳಹೊರಟಿದ್ದೇ ಅಧಿಕಪ್ರಸಂಗ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಕ್ಕ ಶಾಲೆಯ ವ್ಯಾನು ಓಡಿಸುವವಳು, ತಂಗಿ ಅದನ್ನು ರಿಪೇರಿ ಮಾಡುವವಳು. ಮರುದಿನ ಬೆಳಿಗ್ಗೆ ಹದಿನಾಲ್ಕು ಮಕ್ಕಳಿಗೆ ಸಮುದ್ರ ತೋರಿಸಲು ಹೊರಡಬೇಕು. ಇವತ್ತು ಮಧ್ಯಾಹ್ನ ನೋಡಿದರೆ ಸ್ಟೇರಿಂಗ್ ಮುಂದಿನ ಹಳದಿ ಎಚ್ಚರಿಕೆ ದೀಪ ಹೊತ್ತಿಕೊಂಡು, ವ್ಯಾನು ಏದುಸಿರು ಬಿಡುತ್ತ ಗ್ಯಾರೇಜಿಗೆ ಬಂತು.

"ಮೂರು ವಾರದ ಹಿಂದೆ ತಾನೇ ನೀನು ಹೊಸ ಸೆನ್ಸರ್ ಹಾಕಿದ್ದೆ? ಮತ್ತೆ ಅದೇ ರಾಗ!" ಎಂದಳು ಅಕ್ಕ. "ಸೈಕಲ್ಲಿನವನೂ ನನ್ನನ್ನ ಹಿಂದೆ ಹಾಕಿ ಹೋದ ಕಣೇ. ಕೈ ಬೇರೆ ಬೀಸಿದ."

ತಂಗಿ ವ್ಯಾನಿನಡಿ ಬಗ್ಗಿ ನೋಡಿದಳು. ಹೊಗೆ ಹೋಗುವ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರು. ಅದರ ಮುಂದಿನಿಂದೊಂದು, ಹಿಂದಿನಿಂದೊಂದು ಸಣ್ಣ ಪೈಪು ಸೆನ್ಸರಿಗೆ ಬರುತ್ತವೆ. ಎರಡು ಕಡೆಯ ಒತ್ತಡದ ವ್ಯತ್ಯಾಸ ಅಳೆದು, ಮಸಿ ಎಷ್ಟು ತುಂಬಿದೆಯೆಂದು ಅದು ಹೇಳಬೇಕು.

"ಇನ್ನೊಂದು ಸೆನ್ಸರ್ ತಂದುಬಿಡ್ಲಾ?"

"ತಡಿ ಅಕ್ಕ. ಇದು ಏನು ಹೇಳುತ್ತೋ ಮೊದಲು ಕೇಳೋಣ."

ಸೆನ್ಸರಿನ ಅಂಕಿ ತೋರಿಸುವ ಸ್ಕ್ಯಾನರ್ ಸಿಕ್ಕಿಸಿದಳು. ಇಂಜಿನ್ ನಿಂತಿದ್ದಾಗ ಸೊನ್ನೆ. ಅಂದರೆ ಸೆನ್ಸರು ನೆಟ್ಟಗಿದೆ. ಅಕ್ಕ ಇಂಜಿನ್ ಶುರುಮಾಡಿ ಆಕ್ಸಿಲರೇಟರ್ ಒತ್ತಿದಳು. ಅಂಕಿ ಏರುವ ಬದಲು ಸೊನ್ನೆಗಿಂತ ಕೆಳಗಿಳಿಯಿತು, ಫಿಲ್ಟರಿನ ಮುಂದಿಗಿಂತ ಹಿಂದೆಯೇ ಒತ್ತಡ ಹೆಚ್ಚು ಎಂಬಂತೆ.

ತಂಗಿ ಪೈಪು ಬಿಚ್ಚುವಾಗ ಸೀಮೆಸುಣ್ಣದಲ್ಲಿ ಎಡಗೈ, ಬಲಗೈ ಎಂದು ಗುರುತು ಹಾಕುವವಳು. ಸೆನ್ಸರ್ ಬದಲಿಸಿದ ಆವತ್ತು ವ್ಯಾನಿನ ಮುಂದಿನಿಂದ ಅಡಿಗೆ ತೂರಿ ಬಿಚ್ಚಿದ್ದಳು. ಊಟ ಮುಗಿಸಿ ಬಂದು ಹಿಂದಿನಿಂದ ತೂರಿ, ಎಡಬಲ ತಿರುಗಿದ್ದು ನೋಡದೆ ಜೋಡಿಸಿದ್ದಳು.

"ಅಕ್ಕ, ತಪ್ಪು ಸೆನ್ಸರಿನದಲ್ಲ, ನನ್ನದು. ಪೈಪು ಅದಲುಬದಲು ಮಾಡಿದೀನಿ."

ಅಕ್ಕ ಅವಳನ್ನೇ ದಿಟ್ಟಿಸಿದಳು. "ಚಿಕ್ಕವಳಿದ್ದಾಗ ಚಪ್ಪಲೀನೂ ಹಾಗೇ ಹಾಕ್ಕೊಳ್ತಿದ್ದೆ, ಬಿಡು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೈಪುಗಳು ತಮ್ಮ ತಮ್ಮ ಜಾಗಕ್ಕೆ ಹೋದವು. ಫಿಲ್ಟರಿನ ಮುಂದಿನ ಪೈಪಿಗೆ ತಂಗಿ ಕೆಂಪು ಬಣ್ಣ ಬಳಿದಳು. ಇನ್ನು ಕೈ ನೋಡಿ ಗುರುತು ಹಾಕುವ ಮಾತಿಲ್ಲ. ಸ್ಕ್ಯಾನರಿನ ಅಂಕಿಯೇನೋ ಈಗ ಮೇಲಕ್ಕೇ ಏರಿತು, ಆದರೆ ಇಷ್ಟು ದಿನದ ಮಸಿ ಒಳಗೇ ಕೂತಿತ್ತು.

"ಹೆದ್ದಾರೀಲಿ ಅರ್ಧ ಗಂಟೆ ನಿಲ್ಲಿಸದೆ ಓಡಿಸು. ಬಿಸಿಗೆ ಮಸಿ ಸುಟ್ಟುಹೋದ್ರೆ ಸಮುದ್ರ. ಇಲ್ದಿದ್ರೆ ಮಕ್ಕಳಿಗೆ ನೀನೇ ಹೇಳ್ಬೇಕು."

"ನಾನ್ಯಾಕೆ? ನೀನೇ ಬಂದು ಹೇಳು!"

ಸಂಜೆ ಹೆದ್ದಾರಿಯಲ್ಲಿ ಇಪ್ಪತ್ತೇಳನೆಯ ನಿಮಿಷಕ್ಕೆ ದೀಪ ಆರಿತು. ಅಕ್ಕ ಹಾರ್ನ್ ಬಾರಿಸಿದಳು, ಸುಮ್ಮನೆ.

ಮಕ್ಕಳು ಸಮುದ್ರ ನೋಡಿ, ವ್ಯಾನಿನ ತುಂಬ ಮರಳು ತಂದರು. ಆದರೆ ಪೈಪು ತಿರುಗುಮುರುಗಾಗಿದ್ದರೂ ಆ ದೀಪ ಮೂರು ವಾರ ಏಕೆ ಬಾಯಿ ಮುಚ್ಚಿಕೊಂಡಿತ್ತು ಎಂಬುದು ತಂಗಿಗೆ ಇಂದಿಗೂ ಗೊತ್ತಿಲ್ಲ.