ಇಪ್ಪತ್ತೇಳನೇ ನಂಬರು

"ಅಕ್ಕಾ, ಇದು ಇಪ್ಪತ್ತೇಳಲ್ಲ," ಎನ್ನುತ್ತ ಸಗಟು ವ್ಯಾಪಾರಿ ಮೂರು ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಕೌಂಟರಿನ ಮೇಲಿಟ್ಟ. ಸದ್ದಾಗದಂತೆ ಇಟ್ಟನಲ್ಲ, ಅದು ನಂಬರಮ್ಮನಿಗೆ ಹೆಚ್ಚು ಸಿಟ್ಟು ತರಿಸಿತು. ಮಾಲು ವಾಪಸು ತಂದವನು ಧಡಾರನೆ ಇಟ್ಟರೆ ಜಗಳಕ್ಕಾದರೂ ನಿಲ್ಲಬಹುದು, ಹೀಗೆ ಮೆತ್ತಗೆ ಇಟ್ಟರೆ ಏನು ಮಾಡುವುದು?

"ಇಪ್ಪತ್ತೇಳಲ್ದೆ ಇನ್ನೇನು, ಇಪ್ಪತ್ತೆಂಟಾ?"

"ತಮಾಷೆ ಅಲ್ಲಕ್ಕ. ನಾಲ್ಕು ಅಂಗಡಿಗೆ ಹಾಕಿದ್ದೆ, ನಾಲ್ಕೂ ಕಡೆಯಿಂದ ವಾಪಸು ಬಂತು. ಹಚ್ಕೊಂಡ್ರೆ ತಲೆ ಭಾರ ಆಗುತ್ತಂತೆ."

ನಂಬರಮ್ಮ ನಕ್ಕಳು. ಆ ಬೀದಿಯಲ್ಲಿ ಅವಳ ನಗುವಿಗೆ ಹೆದರದವರು ಕಡಿಮೆ. ದೊಡ್ಡ ರಸ್ತೆಯ ಗಾಜಿನ ಅಂಗಡಿಗಳಲ್ಲಿ ಬೀಗ ಹಾಕಿದ ಕಪಾಟಿನೊಳಗೆ ಕೂತು, ಬೆಲೆ ಕೇಳಿದವರನ್ನೇ ನಾಚಿಸುವ ಸೆಂಟುಗಳಿವೆಯಲ್ಲ, ಅವನ್ನು ಒಮ್ಮೆ ಮೂಸಿ ನೋಡಿ, ತನ್ನ ಹತ್ತಡಿ ಅಂಗಡಿಯಲ್ಲಿ ಅಂಥದ್ದನ್ನೇ ಕಲಸಿ ಮಾರುವುದು ಇಪ್ಪತ್ತೆಂಟು ವರ್ಷದಿಂದ ಅವಳ ಕಸುಬು. ಮೂಲದ ಹೆಸರನ್ನು ಅವಳು ಎಂದೂ ಬಾಟಲಿಗೆ ಹಚ್ಚಿದವಳಲ್ಲ. ಬರೀ ನಂಬರು. "ಇನ್ನೊಬ್ಬರ ಹೆಸರು ನಾನು ಕದಿಯಲ್ಲ. ವಾಸನೆ ಮಾತ್ರ ಯಾರಪ್ಪನ ಆಸ್ತಿನೂ ಅಲ್ಲ," ಎನ್ನುವುದು ಅವಳ ಕಾನೂನು. ಆಸ್ಪತ್ರೆಯ ನರ್ಸುಗಳು ಹನ್ನೊಂದು ಕೇಳುತ್ತಿದ್ದರು, ಟ್ಯಾಕ್ಸಿಯವರು ನಾಲ್ಕು, ಮೊದಲ ಕೆಲಸಕ್ಕೆ ಸೇರುವ ಹುಡುಗಿಯರು ಇಪ್ಪತ್ತೇಳು. ಇಪ್ಪತ್ತೇಳರಲ್ಲಿ ಕಿತ್ತಳೆ ಸಿಪ್ಪೆಯೂ ಮಳೆಗೆ ನೆನೆದ ಮರವೂ ಇದ್ದವು, ಅಡಿಯಲ್ಲಿ ಒಂದೇ ಒಂದು ಎಳೆ ಬಿಳಿ ಕಸ್ತೂರಿ. ಆ ಎಳೆ ಇದೆಯೆಂದು ಗೊತ್ತಾಗಬಾರದು, ಇಲ್ಲದಿದ್ದರೆ ಗೊತ್ತಾಗಬೇಕು. ಅಷ್ಟು ನಾಜೂಕಿನ ಲೆಕ್ಕ.

ಅವಳು ಒಂದು ಬಾಟಲಿ ತೆರೆದು ಕಾಗದದ ಪಟ್ಟಿಯನ್ನು ಅದ್ದಿದಳು. ಇನ್ನೊಂದು ಪಟ್ಟಿಯನ್ನು ಡ್ರಾಯರಿನಲ್ಲಿದ್ದ ಮೂಲ ಸೆಂಟಿಗೆ ಅದ್ದಿದಳು. ಅದನ್ನು ಮೂಸಿದಳು, ಇದನ್ನು ಮೂಸಿದಳು. ನಡುವೆ ತನ್ನ ಬಿಳಿ ಹತ್ತಿ ಕೋಟಿನ ಮೊಣಕೈ ಮಡಿಕೆಯಲ್ಲಿ ಮೂಗು ಹುದುಗಿಸಿ ಎರಡು ಉಸಿರು ಎಳೆದುಕೊಂಡಳು. ಮೂರು ನಾಲ್ಕು ವಾಸನೆ ಒಟ್ಟಿಗೆ ಸೇರಿ ಮೂಗು ಮಂಕಾದಾಗ ಹೀಗೆ ಮಾಡುವುದು ಅವಳ ರೂಢಿ. ಅದಕ್ಕೆ "ಮೂಗು ತೊಳ್ಕೊಳ್ಳೋದು" ಎಂದು ಹೆಸರು. ತೊಳೆದುಕೊಂಡ ಮೂಗಿನಿಂದ ಮತ್ತೊಮ್ಮೆ ನೋಡಿದಳು. ಎರಡೂ ಒಂದೇ.

"ಅಚ್ಚಿನಲ್ಲಿ ಹಾಕಿದ ಹಾಗಿದೆ," ಎಂದಳು. ಸಾಲದ್ದಕ್ಕೆ ಒಳಗಿದ್ದ ಮಗನನ್ನು ಕರೆದಳು. ಅವನೂ ಮೂಸಿ ಸರಿಯಾಗಿದೆ ಎಂದ. ಅಂಗಡಿಯ ಹಿಂದಿನ ಮನೆಯಿಂದ ಊಟ ತಂದಿದ್ದ ಸೊಸೆಯನ್ನು ಕೇಳಿದಳು. ಮಾತೇ ಕಡಿಮೆಯಾದ ಆ ಹುಡುಗಿ ಎರಡು ಸಲ ಮೂಸಿ, "ಏನೂ ವ್ಯತ್ಯಾಸ ಇಲ್ಲ ಅತ್ತೆ," ಎಂದಳು.

"ಮನೆಯವರೆಲ್ಲ ಸರಿ ಅಂತೀರಿ, ಊರವರೆಲ್ಲ ತಪ್ಪು ಅಂತಾರೆ," ಎಂದು ವ್ಯಾಪಾರಿ ತಲೆ ಕೆರೆದುಕೊಂಡ. "ಒಂದು ವಾರ ನೋಡ್ತೀನಿ ಅಕ್ಕ. ಆಗಲಿಲ್ಲ ಅಂದ್ರೆ ಸ್ಟೇಷನ್ ಹತ್ರ ಒಬ್ಬ ಹೊಸಬ ಕಲಸ್ತಾನೆ..." ಅವನು ಮಾತು ನುಂಗಿದ. ಆಮೇಲೆ ನುಂಗಿದ್ದನ್ನು ತಡೆಯಲಾರದೆ ಹೊರಗೆ ಬಿಟ್ಟ. "ಜನ ಅಂತಾರೆ ಅಕ್ಕ, ನಾನಲ್ಲ. ಬಾಟಲಿಯಣ್ಣ ಹೋದ್ಮೇಲೆ ಅಕ್ಕನ ಮೂಗೂ ಹೋಯ್ತು ಅಂತ."

"ಯಾವ ಬಾಯಿ ಹಾಗಂದಿದ್ದು? ಕರ್ಕೊಂಡು ಬಾ ಇಲ್ಲಿಗೆ!" ಎಂದು ನಂಬರಮ್ಮ ಗುಡುಗಿದಳು. "ಆ ಮನುಷ್ಯನಿಗೆ ಮಲ್ಲಿಗೆಗೂ ಸೀಮೆಎಣ್ಣೆಗೂ ವ್ಯತ್ಯಾಸ ತಿಳೀತಿರಲಿಲ್ಲ. ಅವರಿಗೂ ನನ್ನ ಮೂಗಿಗೂ ಎತ್ತಣ ಸಂಬಂಧ?"

ಬಾಟಲಿಯಣ್ಣ ಅವಳ ಗಂಡ. ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಖಾಲಿ ಬಾಟಲಿಗಳನ್ನು ತೊಳೆದು, ಒಣಗಿಸಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಲಾಗಿ ಜೋಡಿಸುವುದಷ್ಟೇ ಆತನ ಕೆಲಸವೆಂದು ಬೀದಿಯೆಲ್ಲ ತಿಳಿದಿತ್ತು. ತಲೆಗೆ ಎಣ್ಣೆ ಹಚ್ಚದ, ಮೈಗೆ ಸೋಪು ಸೋಕಿಸದ ಮನುಷ್ಯ. ಲೋಕಕ್ಕೆಲ್ಲ ಘಮಘಮ ಹಂಚುವವಳ ಗಂಡ ಹೀಗೆ ಬೋಳುಬೋಳಾಗಿ ಓಡಾಡುತ್ತಾನೆಂದು ಅವಳು ಬಂದವರೆದುರಿಗೆ ಗೇಲಿ ಮಾಡುತ್ತಿದ್ದಳು. ಆತ ನಕ್ಕು ಬಾಟಲಿ ಒರೆಸುತ್ತಿದ್ದ. ಆತ ಹೋದ ಮೇಲೆ ಎರಡು ತಿಂಗಳು ಅಂಗಡಿ ಮುಚ್ಚಿತ್ತು. ಮತ್ತೆ ತೆರೆದ ಮೇಲೆ ಕಲಸಿದ ಮೊದಲ ದೊಡ್ಡ ಮಾಲೇ ಈ ಇಪ್ಪತ್ತೇಳು.

ಆ ವಾರ ಅವಳು ಹಟ ಹಿಡಿದು ಕೂತಳು. ಅಳತೆ ಬರೆದಿಟ್ಟ ಹಳೇ ಚೀಟಿಗಳನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಎಣ್ಣೆಗಳು ಪ್ರತಿ ಸಲವೂ ಒಂದೊಂದು ಥರ ಬರುತ್ತಿದ್ದವು, ಕೊನೆಯ ಮಾತು ಯಾವಾಗಲೂ ಮೂಗಿನದೇ. ಹನಿ ಹನಿ ಎಣಿಸಿ ಕಲಸಿದಳು, ಮೂಸಿದಳು, ತೋಳಿನಲ್ಲಿ ಮೂಗು ತೊಳೆದುಕೊಂಡಳು, ಕಸ್ತೂರಿ ಸಾಲದೆನ್ನಿಸಿ ಇನ್ನೆರಡು ಹನಿ ಹಾಕಿದಳು. ಒಪ್ಪಿಗೆಯಾದ ಮೇಲೆ ಎದುರು ಅಂಗಡಿಯ ದರ್ಜಿಯ ಮಣಿಕಟ್ಟಿಗೆ ಹಚ್ಚಿದಳು. ದರ್ಜಿ ಮೂಸಿ ಮುಖ ಆಚೆ ತಿರುಗಿಸಿದ. "ಬೇಜಾರು ಮಾಡ್ಕೋಬೇಡಿ ಅಕ್ಕ. ಇದು ಲಾಂಡ್ರಿ ಬಾಗಿಲಲ್ಲಿ ನಿಂತ ಹಾಗಿದೆ."

"ನಿನ್ನ ಮೂಗಿನ ತುಂಬ ದಾರದ ಧೂಳು!" ಎಂದು ಅವನಿಗೆ ಬಾಯಿ ಮಾಡಿ ಬಂದಳೇ ಹೊರತು ಅಂಗಡಿಯೊಳಗೆ ಬಂದ ಮೇಲೆ ಇನ್ನೊಂದು ಬಾಟಲಿ ತೆರೆಯದೆ ಕುರ್ಚಿಯಲ್ಲಿ ಕೂತುಬಿಟ್ಟಳು. ಹೆದರಿ ಅವಳಿಗೆ ಅಭ್ಯಾಸವಿರಲಿಲ್ಲ. ಕಣ್ಣು ಹೋದರೆ ಕನ್ನಡಕ ಸಿಗುತ್ತದೆ, ಹಲ್ಲು ಹೋದರೆ ಹಲ್ಲು ಸಿಗುತ್ತದೆ. ಮೂಗು ಹೋದರೆ? ಐವತ್ತಾರನೇ ವಯಸ್ಸಿನಲ್ಲಿ ಮೂಗೊಂದನ್ನು ಬಿಟ್ಟು ಬೇರೇನೂ ಕಲಿಯದ ಹೆಂಗಸು ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕು?

ಮರುದಿನ ಒಂದು ಸಣ್ಣ ಸೀಸೆಯಲ್ಲಿ ಇಪ್ಪತ್ತೇಳನ್ನು ತುಂಬಿಕೊಂಡು, ಮೂರು ಗಂಟೆಯ ಬಸ್ ಪ್ರಯಾಣ ಮಾಡಿ ತಂಗಿಯ ಮನೆಗೆ ಹೋದಳು. ಚಿಕ್ಕಂದಿನಿಂದ ಅವಳ ಎದುರು ನಿಂತು ಮಾತಾಡುವ ಧೈರ್ಯವಿದ್ದದ್ದು ತಂಗಿಯೊಬ್ಬಳಿಗೇ. ತಂಗಿ ಸೀಸೆ ಮೂಸಿ, "ಅಕ್ಕ, ಇದನ್ನ ನೀನು ಕಲಸಿದ್ದಾ? ಒಗೆದ ಬಟ್ಟೆ ಗಂಟಿನಲ್ಲಿ ಯಾರೋ ಕಿತ್ತಳೆ ಬಚ್ಚಿಟ್ಟ ಹಾಗಿದೆಯಲ್ಲೇ," ಎಂದುಬಿಟ್ಟಳು. ನಂಬರಮ್ಮ ಜಗಳವಾಡಲಿಲ್ಲ. ಅದನ್ನು ಕಂಡು ತಂಗಿಗೆ ಗಾಬರಿಯಾಯಿತು. "ಎರಡು ದಿನ ಇಲ್ಲೇ ಇರು, ಸುಮ್ನೆ ತಿಂದು ಮಲಗು," ಎಂದು, ಬಟ್ಟೆ ತಾರದೆ ಬಂದಿದ್ದ ಅಕ್ಕನಿಗೆ ತನ್ನ ಮಾಸಲು ಉಡುಪನ್ನು ಕೊಟ್ಟಳು. ತಂಗಿ ಜಿಪುಣಿ. ಅವಳ ಮನೆಯಲ್ಲಿ ಬಟ್ಟೆಗೆ ಬೀಳುತ್ತಿದ್ದದ್ದು ಬಿಸಿನೀರು ಮತ್ತು ಪೆಟ್ಟು, ಅಷ್ಟೇ.

ಮೂರನೇ ಬೆಳಗ್ಗೆ ಮುಖ ತೊಳೆದು ಬಂದು, ಇನ್ನೊಂದು ಸಲ ಅವಮಾನ ಪಡುವುದಾದರೆ ಪಡೋಣವೆಂದು ಸೀಸೆಯ ಮುಚ್ಚಳ ತೆಗೆದಳು. ತೆಗೆದವಳೇ ಕತ್ತು ಹಿಂದಕ್ಕೆಳೆದುಕೊಂಡಳು. ಕಸ್ತೂರಿ! ಒಂದೆಳೆಯಲ್ಲ, ಹೊರೆಗಟ್ಟಲೆ. ಕಿತ್ತಳೆಯೂ ಮರವೂ ಅದರಡಿ ಉಸಿರುಗಟ್ಟಿ ಬಿದ್ದಿದ್ದವು.

"ನನ್ನ ಮೂಗು ಇದೆ ಕಣೇ!" ಎಂದು ಅವಳು ಕೂಗಿದ್ದಕ್ಕೆ ತಂಗಿ ಒಲೆ ಬಿಟ್ಟು ಓಡಿಬಂದಳು. ನಂಬರಮ್ಮ ಅವಳನ್ನು ಹಿಡಿದು ಕುಣಿಸಿಯೇಬಿಟ್ಟಳು. ಕುಣಿತ ನಿಂತ ಮೇಲೆ ತಲೆ ಓಡತೊಡಗಿತು. ಇಲ್ಲಿ ಸಿಗುವ ಕಸ್ತೂರಿ ಅಲ್ಲಿ ಯಾಕೆ ಸಿಗಲಿಲ್ಲ? ಮನೆಯವರೆಲ್ಲರಿಗೂ ಒಟ್ಟಿಗೆ ಯಾಕೆ ಸಿಗಲಿಲ್ಲ?

ಆ ದಿನವೇ ತಂಗಿಯ ಉಡುಪಿನಲ್ಲೇ ಬಸ್ಸು ಹತ್ತಿ ಬಂದರೆ, ಉತ್ತರ ಅವಳ ಮನೆಯ ಬಾಗಿಲಲ್ಲೇ ನಿಂತಿತ್ತು. ಸೊಸೆ ಬಾಗಿಲು ತೆರೆದಳು, ಒಳಗಿನ ಗಾಳಿ ಬಂದು ಮುಖಕ್ಕೆ ಹೊಡೆಯಿತು. ಪರದೆ, ಟವೆಲು, ಸೊಸೆಯ ಉಡುಪು, ಮಗನ ಅಂಗಿ ಎಲ್ಲದರಿಂದಲೂ ಅದೇ ಬಿಳಿ ಕಸ್ತೂರಿ. ಗೂಟಕ್ಕೆ ನೇತುಹಾಕಿದ್ದ ತನ್ನ ಕೋಟನ್ನು ಎಳೆದು ಮೊಣಕೈ ಮಡಿಕೆಯನ್ನು ಮೂಸಿದಳು. ಮೂಗು ತೊಳೆದುಕೊಳ್ಳುವ ಜಾಗದಲ್ಲೇ ಕಸ್ತೂರಿಯ ಕೊಡ ಮಗುಚಿತ್ತು. ಅದರಲ್ಲಿ ಅದ್ದಿ ತೆಗೆದ ಮೂಗಿಗೆ ಬಾಟಲಿಯ ಕಸ್ತೂರಿ ಎಲ್ಲಿಂದ ತಿಳಿಯಬೇಕು? ತಿಳಿಯಲಿಲ್ಲವೆಂದೇ ಮೇಲೆ ಮೇಲೆ ಸುರಿದಿದ್ದಳು.

"ಬಟ್ಟೆಗೆ ಏನು ಹಾಕ್ತೀಯಾ?"

ಸೊಸೆ ಬಚ್ಚಲಿನಿಂದ ಒಂದು ನೀಲಿ ಬಾಟಲಿ ತಂದು ತೋರಿಸಿದಳು. ಒಗೆದ ಮೇಲೆ ಕೊನೆಯ ನೀರಿಗೆ ಹಾಕುವ, ಬಿಳಿ ಕಸ್ತೂರಿ ಬೆರೆಸಿದ ದ್ರವ. ಬಟ್ಟೆ ಮೆತ್ತಗಾಗುತ್ತದೆ, ಹದಿನೈದು ದಿನ ಪರಿಮಳ ಇರುತ್ತದೆ ಎಂದು ಅದರ ಮೇಲೆ ಬರೆದಿತ್ತು. "ಅಂಗಡಿ ಮತ್ತೆ ತೆರೆದಾಗಿನಿಂದ ಎಲ್ಲ ಬಟ್ಟೆಗೂ ಇದನ್ನೇ ಹಾಕ್ತಿದ್ದೀನಿ. ನಿಮ್ಮ ಕೋಟು ಸ್ಪಿರಿಟ್ ನಾತ ಬರ್ತಿತ್ತು ಅತ್ತೆ. ನಿಮಗೆ ಇಷ್ಟ ಆಗುತ್ತೆ ಅಂತ ಎರಡು ಮುಚ್ಚಳ ಜಾಸ್ತಿನೇ ಹಾಕ್ತಿದ್ದೆ."

ನಂಬರಮ್ಮ ಬಾಯಿ ತೆರೆದಳು. ಹೇಳಬೇಕಾದದ್ದು ಬಹಳವಿತ್ತು, ಅವಳ ನಾಲಿಗೆಗೆ ಬರವೂ ಇರಲಿಲ್ಲ. ಆದರೆ ಹುಡುಗಿಯ ಮುಖದಲ್ಲಿ ಆಗಲೇ ಎಲ್ಲ ಅರ್ಥವಾಗಿ ಬಣ್ಣ ಇಳಿದಿತ್ತು. ಬಾಟಲಿ ಹಿಡಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು.

"ಹಾಗಾದ್ರೆ ಅಷ್ಟೂ ಬಾಟಲಿ... ನನ್ನಿಂದ್ಲಾ ಅತ್ತೆ?"

"ಅಳಬೇಡ. ಮೂಗು ಕಟ್ಟುತ್ತೆ," ಎಂದಳು ನಂಬರಮ್ಮ ಗಡುಸಾಗಿ. ಅವಳಿಗೆ ಗೊತ್ತಿದ್ದ ಸಮಾಧಾನ ಅಷ್ಟೇ. "ನಾಳೆಯಿಂದ ನನ್ನ ಕೋಟಿಗೆ ಏನೂ ಹಾಕಬೇಡ. ಮೊದಲು ಹೆಂಗೆ ಒಗೀತಿದ್ರೋ ಹಂಗೇ ಒಗಿ."

"ಮಾವ ಒಗೀತಿದ್ದ ಹಾಗಾ?"

"ಅವರಾ? ಕೆಲಸದವಳಲ್ವಾ ಒಗೀತಿದ್ದದ್ದು?"

"ಉಳಿದ ಬಟ್ಟೆ ಅವಳು. ನಿಮ್ಮ ಕೋಟು ಮಾವನೇ," ಎಂದಳು ಸೊಸೆ ಮೂಗೊರೆಸಿಕೊಳ್ಳುತ್ತ. "ಬೇರೆ ಬಕೆಟ್ಟು ಇಟ್ಟಿದ್ರು. ಕುದಿಸಿ ಆರಿಸಿದ ನೀರು. ಸೋಪಿಲ್ಲ, ಪುಡಿಯಿಲ್ಲ. ನಾನು ಬಂದ ಹೊಸದರಲ್ಲಿ ಕೊಡಿ ಒಗೀತೀನಿ ಅಂದೆ. ಬೇಡಮ್ಮ, ಕೈಯಲ್ಲಿ ಸೋಪಿನ ವಾಸನೆ ಇದ್ರೂ ಹತ್ಕೊಳ್ಳುತ್ತೆ ಅಂದ್ರು. ಪಾಪ, ಗಂಡಸು, ಒಗೆಯೋದು ಗೊತ್ತಿಲ್ಲ ಅಂದ್ಕೊಂಡೆ ನಾನು."

ನಂಬರಮ್ಮ ಅಲ್ಲೇ ಮಣೆಯ ಮೇಲೆ ಕೂತಳು. ಇಪ್ಪತ್ತೆಂಟು ವರ್ಷ ಪ್ರತಿ ಬೆಳಗ್ಗೆ ಕುರ್ಚಿಯ ಬೆನ್ನಿಗೆ ಮಡಿಸಿಟ್ಟ ಕೋಟು ಇರುತ್ತಿತ್ತು. ಅದು ಎಲ್ಲಿಂದ ಬಂತೆಂದು ಒಂದು ದಿನವೂ ಕೇಳಿದವಳಲ್ಲ, ಬೆಳಗಾದರೆ ಬೆಳಕು ಬರುವಂತೆ ಅದೂ ಬರುತ್ತಿತ್ತು. ಎಣ್ಣೆಯಿಲ್ಲದ ಆ ತಲೆ, ಸೋಪಿಲ್ಲದ ಆ ಮೈ ಈಗ ಕಣ್ಣಿಗೆ ಕಟ್ಟಿದವು. ಯಾವ ವಾಸನೆಯೂ ಇಲ್ಲದೆ ಪಕ್ಕದಲ್ಲಿ ಓಡಾಡಿಕೊಂಡಿರುವುದೂ ಒಂದು ಕೆಲಸವೆಂದು ಅವಳಿಗೆ ಹೊಳೆದಿರಲಿಲ್ಲ. ಎಷ್ಟು ಜನರೆದುರಿಗೆ ನಕ್ಕಿದ್ದಳು! ಅವಳು ಅತ್ತಳು. ಆಸ್ಪತ್ರೆಯಿಂದ ಆತನನ್ನು ತಂದ ದಿನವೂ ಹೀಗೆ ಅತ್ತಿರಲಿಲ್ಲ. ಸೊಸೆ ಹತ್ತಿರ ಬರಲೋ ಬೇಡವೋ ಎಂದು ದೂರದಲ್ಲೇ ನಿಂತಳು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಸಗಟು ವ್ಯಾಪಾರಿ. "ವಾರ ಆಯ್ತಲ್ಲಕ್ಕ, ಏನು ಸಮಾಚಾರ?"

"ಇನ್ನು ಐದು ದಿನ ಕೊಡು," ಎಂದಳು ನಂಬರಮ್ಮ, ಕಣ್ಣೊರೆಸಿಕೊಂಡು. "ಅಷ್ಟೂ ಬಾಟಲಿ ಹೊಸದಾಗಿ ಕಲಸಿ ಕೊಡ್ತೀನಿ. ನಿನ್ನ ಸ್ಟೇಷನ್ ಹುಡುಗನಿಗೂ ಒಂದು ಕೊಡು, ಮೂಸಿ ಕಲ್ತುಕೊಳ್ಳಲಿ."

ಆ ಕಡೆಯವನು ನಿರಾಳವಾಗಿ ನಕ್ಕ. "ಹಾಗಾದ್ರೆ ಬಾಟಲಿಯಣ್ಣನ ಜೊತೆ ಮೂಗೂ ಹೋಯ್ತು ಅಂತ ಜನ ಅಂದಿದ್ದು ಬರೀ ಸುಳ್ಳು ಅನ್ನಿ."

"ಪೂರ್ತಿ ಸುಳ್ಳಲ್ಲಪ್ಪ," ಎಂದು ನಂಬರಮ್ಮ ಫೋನ್ ಇಟ್ಟಳು.

ಆಮೇಲೆ ಕೋಟು ಎತ್ತಿಕೊಂಡು ಬಚ್ಚಲಿಗೆ ನಡೆದಳು. ಸೊಸೆ ನೀರು ಕುದಿಸಿ, ಆರಿಸಿ ತಂದಳು. ನಂಬರಮ್ಮ ತಾನೇ ಕುಕ್ಕರುಗಾಲಲ್ಲಿ ಕೂತು ಹಿಂಡತೊಡಗಿದಳು. ಮೊದಲ ನೀರು ಹಾಲಿನ ಹಾಗೆ ಬಂತು. ಎರಡನೆಯದೂ ಹಾಗೇ.

"ಎಷ್ಟು ಸಲ ನೀರು ಬದಲಾಯಿಸ್ತಿದ್ರು?"

"ನಾನು ನೋಡಿದಾಗೆಲ್ಲ ನಾಲ್ಕು."

ಇವಳಿಗೆ ಒಂಬತ್ತು ನೀರು ಬೇಕಾಯಿತು. ಸೊಂಟ ಹಿಡಿದುಕೊಂಡು ಎದ್ದಾಗ ಸೊಸೆ ಹೊರಗಿನ ಹಗ್ಗದ ಕಡೆ ಹೊರಟಿದ್ದಳು. "ಅಲ್ಲಿ ಬೇಡ. ಅವರು ಎಲ್ಲಿ ಹಾಕ್ತಿದ್ರು?" ಎಂದು ನಂಬರಮ್ಮ ಕೇಳಿದಳು.

ಸೊಸೆ ಅವಳನ್ನು ಬಾಟಲಿ ಕೋಣೆಗೆ ಕರೆದೊಯ್ದಳು. ಕಿಟಕಿ ಮುಚ್ಚಿತ್ತು. ಒಳಗೆ ಯಾವ ವಾಸನೆಯೂ ಇರಲಿಲ್ಲ. ಬಾಟಲಿಗಳ ಸಾಲಿನಾಚೆ, ಗೋಡೆಯ ಮೇಲೆ ಎತ್ತರದಲ್ಲಿ ಎರಡು ಮೊಳೆಗಳಿದ್ದವು. ಭುಜದಿಂದ ಭುಜಕ್ಕೆ ಎಷ್ಟು ಬೇಕೋ ಅಷ್ಟೇ ಅಂತರ. ತುಕ್ಕು ಬಟ್ಟೆಗೆ ಹತ್ತದಂತೆ ಎರಡಕ್ಕೂ ದಾರ ಸುತ್ತಿತ್ತು. ನಂಬರಮ್ಮ ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಎಟುಕಲಿಲ್ಲ. ಸೊಸೆ ಮುಂದೆ ಬಂದಾಗ ಬೇಡವೆಂದು ತಲೆಯಾಡಿಸಿ, ಹೋಗಿ ಅಂಗಡಿಯ ಕುರ್ಚಿಯನ್ನು ಎಳೆದು ತಂದು, ಅದರ ಮೇಲೆ ಹತ್ತಿ ನಿಂತಳು.